ಯಾಕೆ ಎಂದು ಕೇಳಿದರೆ ಉತ್ತರಿಸುವ ಯಂತ್ರ: ಎಕ್ಸ್‌ಪರ್ಟ್ ಸಿಸ್ಟಂ ಒಳಗೆ ಏನಿದೆ, ಕಟ್ಟುವುದು ಹೇಗೆ

ಮೊದಲು ಒಂದು ನಿಯಮ ಓದಿ.

ಸೋಂಕು ಮೂಲತಃ ರಕ್ತದ್ದೇ ಆಗಿದ್ದರೆ,
ಮಾದರಿ ತೆಗೆದ ಜಾಗ ಸಹಜವಾಗಿ ರೋಗಾಣು ಇರದ ಜಾಗವಾಗಿದ್ದರೆ,
ರೋಗಾಣು ಒಳಗೆ ಬಂದದ್ದು ಜೀರ್ಣಾಂಗದ ದಾರಿಯಿಂದ ಎಂಬ ಶಂಕೆ ಇದ್ದರೆ,
ಆಗ ಆ ರೋಗಾಣು ಬ್ಯಾಕ್ಟಿರಾಯ್ಡಿಸ್ ಇರಬಹುದು ಎನ್ನಲು 0.7ರಷ್ಟು ಆಧಾರವಿದೆ.

ಇದು ಮೈಸಿನ್ ಎಂಬ ಎಕ್ಸ್‌ಪರ್ಟ್ ಸಿಸ್ಟಂನ, ಅಂದರೆ ತಜ್ಞರ ತಿಳಿವಳಿಕೆಯನ್ನು ನಿಯಮಗಳಾಗಿ ಇಟ್ಟುಕೊಂಡು ಸಲಹೆ ಹೇಳುವ ಪ್ರೋಗ್ರಾಂನ, ನಿಯಮಗಳಲ್ಲೊಂದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್, ಬ್ರೂಸ್ ಬುಕಾನನ್ ಮತ್ತು ಸಂಗಡಿಗರು ಅದನ್ನು ಕಟ್ಟಿದರು. ರಕ್ತದ ಸೋಂಕು ಮತ್ತು ಮೆದುಳುಪೊರೆಯ ಉರಿಯೂತದಲ್ಲಿ ಯಾವ ರೋಗಾಣು ಇರಬಹುದು, ಯಾವ ಆಂಟಿಬಯೋಟಿಕ್ ಎಷ್ಟು ಕೊಡಬೇಕು ಎಂದು ವೈದ್ಯರಿಗೆ ಸಲಹೆ ಹೇಳುವುದು ಅದರ ಕೆಲಸ. ಇಂಥ ನಿಯಮಗಳು ಕೊನೆಕೊನೆಗೆ ಸುಮಾರು 500 ಇದ್ದವು.

ಕೃತಕ ಬುದ್ಧಿಮತ್ತೆ ಎಂದರೆ ಇವತ್ತು ಎಲ್ಲರ ಕಣ್ಣಿಗೆ ಬರುವುದು ಚಾಟ್‌ಬಾಟ್. ಆದರೆ ಯಂತ್ರ ಹೇಗೆ ಯೋಚಿಸಬಹುದು ಎಂದು ತಿಳಿಯಬೇಕಿದ್ದರೆ ಮೈಸಿನ್‌ನಿಂದ ಶುರು ಮಾಡುವುದೇ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಪ್ರತಿ ಹೆಜ್ಜೆಯನ್ನೂ ಬೆರಳಿಟ್ಟು ತೋರಿಸಬಹುದು. ಕಾಗದ, ಪೆನ್ನು ಹಿಡಿದು ನಾವೇ ಅದರ ಲೆಕ್ಕ ಮಾಡಿ ನೋಡಬಹುದು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1956ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತು ಗೆಳೆಯರು ಬೇಸಿಗೆಯ ಕಮ್ಮಟ ನಡೆಸಿದಾಗ ಈ ಕ್ಷೇತ್ರಕ್ಕೆ ಹೆಸರು ಬಿತ್ತು. ಮೊದಲ ಹತ್ತು ವರ್ಷ ಹೆಚ್ಚಿನವರು ಹುಡುಕಿದ್ದು ಯಾವ ಸಮಸ್ಯೆಗೂ ಹೊಂದುವ ಒಂದೇ ಯೋಚನಾಕ್ರಮವನ್ನು. ಒಗಟು ಬಿಡಿಸಲು, ಪ್ರಮೇಯ ಸಾಧಿಸಲು ಅದು ನಡೆಯಿತು. ಹೊರಗಿನ ಲೋಕದ ಸಮಸ್ಯೆ ಬಂದಾಗ ಕೈಕೊಟ್ಟಿತು. 1965ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಫೈಗನ್‌ಬಾಮ್, ಜೋಶುವಾ ಲೆಡರ್‌ಬರ್ಗ್ ಮೊದಲಾದವರು ಡೆಂಡ್ರಲ್ ಎಂಬ ಪ್ರೋಗ್ರಾಂ ಶುರು ಮಾಡಿದರು. ಅಣುವಿನ ತುಣುಕುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಕೊಟ್ಟ ಅಂಕಿಗಳನ್ನು ನೋಡಿ ರಾಸಾಯನಿಕದ ಅಣುರಚನೆ ಊಹಿಸುವ ಪ್ರೋಗ್ರಾಂ ಅದು. ಅಲ್ಲಿ ಕಂಡುಕೊಂಡ ಸಂಗತಿ ಇಷ್ಟು: ಯೋಚಿಸುವ ಕ್ರಮ ಸಾಧಾರಣವಾಗಿದ್ದರೂ ಆ ವಿಷಯದ ಒಳಗಿನ ತಿಳಿವಳಿಕೆ ದಂಡಿಯಾಗಿದ್ದರೆ ಕೆಲಸ ಆಗುತ್ತದೆ. ಎಕ್ಸ್‌ಪರ್ಟ್ ಸಿಸ್ಟಂಗಳು ಹುಟ್ಟಿದ್ದು ಈ ಅರಿವಿನಿಂದ. ಫೈಗನ್‌ಬಾಮ್ ಅವರಿಗೆ 1994ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಅದನ್ನು ಹಂಚಿಕೊಂಡವರು ಭಾರತದಲ್ಲಿ ಹುಟ್ಟಿದ ರಾಜ್ ರೆಡ್ಡಿ.

ಮೂರು ಭಾಗ

ಎಕ್ಸ್‌ಪರ್ಟ್ ಸಿಸ್ಟಂನಲ್ಲಿ ಮುಖ್ಯವಾದ ಭಾಗ ಮೂರು. ಒಂದು ಜ್ಞಾನಕೋಶ, ಅಂದರೆ ಮೇಲೆ ಕಂಡಂಥ "ಹೀಗಿದ್ದರೆ ಹಾಗೆ" ನಿಯಮಗಳ ಕಟ್ಟು. ಎರಡನೆಯದು ಈಗ ಕೈಯಲ್ಲಿರುವ ಪ್ರಕರಣದ ಸಂಗತಿಗಳು: ಈ ರೋಗಿ, ಈ ಮರ, ಈ ಯಂತ್ರ. ಮೂರನೆಯದು ತರ್ಕಯಂತ್ರ, ನಿಯಮಗಳನ್ನು ಸಂಗತಿಗಳಿಗೆ ಹೊಂದಿಸಿ ಮುಂದಿನ ಹೆಜ್ಜೆ ಇಡುವ ಭಾಗ. ತರ್ಕಯಂತ್ರಕ್ಕೆ ವೈದ್ಯಕೀಯ ಗೊತ್ತಿರುವುದಿಲ್ಲ. ಅದಕ್ಕೆ ನಿಯಮ ಓಡಿಸುವುದು ಮಾತ್ರ ಗೊತ್ತು.

ಹೀಗೆ ಬೇರೆಬೇರೆ ಇಟ್ಟದ್ದರ ಲಾಭ ದೊಡ್ಡದು. ಮೈಸಿನ್‌ನ ವೈದ್ಯಕೀಯ ನಿಯಮಗಳನ್ನು ಕಳಚಿಟ್ಟು ಉಳಿದ ಚಿಪ್ಪಿಗೆ ಇಮೈಸಿನ್ ಎಂದು ಹೆಸರಿಟ್ಟರು. ಅದೇ ಚಿಪ್ಪಿನೊಳಗೆ ಶ್ವಾಸಕೋಶದ ಪರೀಕ್ಷೆಯ ನಿಯಮಗಳನ್ನು ಹಾಕಿದಾಗ ಪಫ್ ಎಂಬ ಹೊಸ ಸಿಸ್ಟಂ ತಯಾರಾಯಿತು. ಇವತ್ತಿಗೂ ಹೊಸಬರು ಮಾಡುವ ಮೊದಲ ತಪ್ಪು ಇಲ್ಲೇ. ನಿಯಮಗಳನ್ನು ಪ್ರೋಗ್ರಾಂನ ಸಾಲುಸಾಲು ಕೋಡ್ ನಡುವೆ ಹೂತುಬಿಡುತ್ತಾರೆ. ಆರು ತಿಂಗಳ ನಂತರ ಒಂದು ನಿಯಮ ತಿದ್ದಬೇಕೆಂದರೆ ಅದು ಎಲ್ಲಿದೆ ಎಂದು ಬರೆದವರಿಗೇ ಸಿಗುವುದಿಲ್ಲ.

ತರ್ಕಯಂತ್ರ ಓಡುವ ದಿಕ್ಕು ಎರಡು. ಮೈಸಿನ್ ಹಿಮ್ಮುಖವಾಗಿ ಹೋಗುತ್ತಿತ್ತು. "ರೋಗಾಣು ಯಾವುದು?" ಎಂಬ ಗುರಿ ಇಟ್ಟುಕೊಂಡು, ಆ ಗುರಿಯ ಬಗ್ಗೆ ತೀರ್ಮಾನ ಹೇಳುವ ನಿಯಮಗಳನ್ನೆಲ್ಲ ಎತ್ತಿಕೊಳ್ಳುತ್ತದೆ. ಒಂದು ನಿಯಮಕ್ಕೆ ಮೂರು ಷರತ್ತು ಇದ್ದರೆ ಅವು ಮೂರೂ ಹೊಸ ಗುರಿಗಳಾಗುತ್ತವೆ. ಅವುಗಳ ಬಗ್ಗೆ ತೀರ್ಮಾನ ಹೇಳುವ ನಿಯಮ ಇದ್ದರೆ ಅದರೊಳಗೆ ಇಳಿಯುತ್ತದೆ, ಇಲ್ಲದಿದ್ದರೆ ಎದುರಿಗಿರುವವರನ್ನು ಕೇಳುತ್ತದೆ. ಹಾಗಾಗಿ ಬೇಕಾದ ಪ್ರಶ್ನೆ ಮಾತ್ರ ಕೇಳುತ್ತದೆ. ರೋಗನಿದಾನಕ್ಕೆ ಈ ದಾರಿ ಒಪ್ಪುತ್ತದೆ.

ಮುಮ್ಮುಖ ದಾರಿಯಲ್ಲಿ ಕೈಯಲ್ಲಿರುವ ಸಂಗತಿಗಳಿಂದ ಶುರು ಮಾಡಿ, ಯಾವ ನಿಯಮದ ಷರತ್ತುಗಳು ಪೂರೈಸಿವೆಯೋ ಅದನ್ನು ಓಡಿಸಿ, ಅದರಿಂದ ಹುಟ್ಟಿದ ಹೊಸ ಸಂಗತಿಯನ್ನು ಸೇರಿಸಿಕೊಂಡು ಮತ್ತೆ ಸುತ್ತುತ್ತಾರೆ. ಒಂದು ಸಾಮಾನಿಗೆ ಬಿಡಿಭಾಗ ಜೋಡಿಸುವಂಥ ಕೆಲಸಕ್ಕೆ ಇದು ಸರಿ. ಇಲ್ಲಿ ಒಂದು ತೊಡಕು ಇದೆ: ಸಾವಿರ ನಿಯಮಗಳನ್ನು ಸಾವಿರ ಸಂಗತಿಗಳಿಗೆ ಪ್ರತಿ ಸುತ್ತಿನಲ್ಲೂ ಹೋಲಿಸುತ್ತ ಕೂತರೆ ಯಂತ್ರ ತೆವಳುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ ಇದಕ್ಕೆ ರೀಟಿ ಎಂಬ ಕ್ರಮ ಕೊಟ್ಟರು. ಅರ್ಧ ಹೊಂದಿದ ನಿಯಮಗಳನ್ನು ನೆನಪಿನಲ್ಲಿ ಇಟ್ಟುಕೊಂಡು, ಬದಲಾದ ಸಂಗತಿಯಷ್ಟನ್ನೇ ಹೊಸದಾಗಿ ಹೋಲಿಸುವುದು ಅದರ ಉಪಾಯ. ವೇಗ ಸಿಗುತ್ತದೆ, ಬದಲಿಗೆ ಮೆಮೊರಿ ಹೆಚ್ಚು ತಿನ್ನುತ್ತದೆ. ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ 1985ರಲ್ಲಿ ಹುಟ್ಟಿದ ಕ್ಲಿಪ್ಸ್ ಎಂಬ ಉಚಿತ ಸಾಧನ ಈ ಕ್ರಮವನ್ನೇ ಬಳಸುತ್ತದೆ. ಕಲಿಯುವವರು ಈಗಲೂ ಅದರಿಂದ ಶುರು ಮಾಡಬಹುದು.

ಅಡಿಕೆ ತೋಟದಲ್ಲಿ ಒಂದು ಲೆಕ್ಕ

ಮೈಸಿನ್‌ನ ಉದಾಹರಣೆ ಪೂರ್ತಿ ಹಿಡಿದರೆ ರೋಗಾಣುಶಾಸ್ತ್ರ ಬೇಕಾಗುತ್ತದೆ. ಅದೇ ಕ್ರಮವನ್ನು ನಮಗೆ ಗೊತ್ತಿರುವ ಪ್ರಶ್ನೆಗೆ ಹಾಕೋಣ: ಅಡಿಕೆ ಮರದಿಂದ ಎಳೆಕಾಯಿ ಉದುರುತ್ತಿದೆ, ಕಾರಣ ಏನು? ಒಂದು ಸಾಧ್ಯತೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ. ಈ ಕನ್ನಡ ಹೆಸರೇ ಸಸ್ಯರೋಗಶಾಸ್ತ್ರದ ಇಂಗ್ಲಿಷ್ ಬರಹಗಳಲ್ಲೂ ಉಳಿದುಕೊಂಡಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ವಿವರವಾದ ವರದಿ ಬರೆದಿದ್ದಾರೆ. ಹಾಗಾಗಿ ಇದು ಪಕ್ವವಾದ ತಿಳಿವಳಿಕೆ ಇರುವ ವಿಷಯ, ಎಕ್ಸ್‌ಪರ್ಟ್ ಸಿಸ್ಟಂಗೆ ಹೇಳಿಮಾಡಿಸಿದ್ದು.

ನಿಯಮಗಳು ಹೀಗಿರಲಿ. ಅಂಕಿಗಳನ್ನು ಲೆಕ್ಕ ತೋರಿಸಲೆಂದು ಇಟ್ಟಿದ್ದೇನೆ. ನಿಜವಾಗಿ ಕಟ್ಟುವಾಗ ಆ ಸೀಮೆಯ ತೋಟ ಬಲ್ಲವರ ಜೊತೆ ಕೂತು ನಿಗದಿ ಮಾಡಬೇಕು.

ನಿಯಮ 1: ಮಳೆ ಹಿಡಿದು 15 ದಿನ ದಾಟಿದ್ದರೆ, ಮತ್ತು ಎಳೆಕಾಯಿ ಉದುರುತ್ತಿದ್ದರೆ, ಕೊಳೆರೋಗ 0.4.
ನಿಯಮ 2: ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಇದ್ದರೆ, ಕೊಳೆರೋಗ 0.7.
ನಿಯಮ 3: ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಹರಡಿದ್ದರೆ, ಕೊಳೆರೋಗ 0.5.
ನಿಯಮ 4: ಎಳೆಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಗುರುತು ಇದ್ದರೆ, ರಸ ಹೀರುವ ತಿಗಣೆ 0.7.
ನಿಯಮ 5: ಅದೇ ಗುರುತು ಇದ್ದರೆ, ಕೊಳೆರೋಗ −0.4.
ನಿಯಮ 6: ಬೇಸಿಗೆಯಾಗಿದ್ದು, ಹಿಂಗಾರ (ಅಡಿಕೆಯ ಹೂಗೊನೆ) ತುದಿಯಿಂದ ಒಣಗುತ್ತ ಬಂದಿದ್ದರೆ, ಹಿಂಗಾರ ಒಣಗುವ ರೋಗ 0.8.
ನಿಯಮ 7: ಕಾಯಿ ಅಕಾಲದಲ್ಲಿ ಹಳದಿಯಾಗಿ ತುದಿಯಿಂದ ತೊಟ್ಟಿನತ್ತ ಸೀಳಿದ್ದರೆ, ಕಾಯಿ ಸೀಳುವ ತೊಂದರೆ 0.9.

ಈ ಅಂಕಿಗಳಿಗೆ ನಿಶ್ಚಿತತೆಯ ಅಂಶ ಎನ್ನೋಣ. +1 ಎಂದರೆ ಖಂಡಿತ ಹೌದು, −1 ಎಂದರೆ ಖಂಡಿತ ಅಲ್ಲ, 0 ಎಂದರೆ ಈ ನಿಯಮದಿಂದ ಏನೂ ತಿಳಿಯದು. ಬಳಕೆದಾರರೂ ಉತ್ತರದ ಜೊತೆ ಅಂಕಿ ಕೊಡಬಹುದು. "ಕಲೆ ಇದ್ದಹಾಗಿದೆ" ಎಂದರೆ 0.8, "ಕೆಲವು ಕಾಯಿಯಲ್ಲಿ ಮಾತ್ರ" ಎಂದರೆ 0.5.

ಒಂದು ತೋಟದ ಉತ್ತರಗಳು: ಮಳೆ ಹಿಡಿದು 15 ದಿನ ದಾಟಿದೆ, ಕಾಯಿ ಉದುರುತ್ತಿದೆ, ಎರಡೂ ಖಚಿತ, 1.0. ತೊಟ್ಟಿನ ಬಳಿ ಕಲೆ 0.8. ಬಿಳಿ ಬೂಸ್ಟು 1.0. ಸೂಜಿ ಗುರುತು 0.5.

ನಿಯಮ 1ರಲ್ಲಿ ಎರಡು ಷರತ್ತು "ಮತ್ತು" ಎಂದು ಸೇರಿವೆ. ಅವುಗಳಲ್ಲಿ ಚಿಕ್ಕ ಅಂಕಿ ತೆಗೆದುಕೊಂಡು ನಿಯಮದ ಅಂಕಿಯಿಂದ ಗುಣಿಸಬೇಕು: 1.0 × 0.4 = 0.4. ನಿಯಮ 2: 0.8 × 0.7 = 0.56. ಎರಡೂ ಕೊಳೆರೋಗದ ಪರ. ಕೂಡಿಸುವ ಸೂತ್ರ: ಮೊದಲಿನದು + ಎರಡನೆಯದು × (1 − ಮೊದಲಿನದು). ಅಂದರೆ 0.4 + 0.56 × 0.6 = 0.736. ನಿಯಮ 3 ಸೇರಿದಾಗ 0.736 + 0.5 × 0.264 = 0.868. ಎಷ್ಟು ಸಾಕ್ಷಿ ಸೇರಿದರೂ 1 ದಾಟುವುದಿಲ್ಲ ಎನ್ನುವುದು ಈ ಸೂತ್ರದ ಗುಣ.

ಈಗ ನಿಯಮ 5 ವಿರುದ್ಧ ಎಳೆಯುತ್ತದೆ: 0.5 × −0.4 = −0.2. ಪರ ಮತ್ತು ವಿರುದ್ಧದ ಅಂಕಿ ಸೇರಿಸುವಾಗ ಎರಡನ್ನೂ ಕೂಡಿ, ಎರಡರಲ್ಲಿ ಚಿಹ್ನೆ ಬಿಟ್ಟು ಚಿಕ್ಕದಾದದ್ದನ್ನು 1ರಿಂದ ಕಳೆದು ಭಾಗಿಸಬೇಕು. (0.868 − 0.2) ÷ (1 − 0.2) = 0.835. ಅತ್ತ ತಿಗಣೆಗೆ 0.5 × 0.7 = 0.35.

ಕೊನೆಯ ಉತ್ತರ: ಕೊಳೆರೋಗ 0.835, ತಿಗಣೆ 0.35. ಮೈಸಿನ್ 0.2ಕ್ಕಿಂತ ಮೇಲಿದ್ದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಇಲ್ಲೂ ಎರಡೂ ಉಳಿಯುತ್ತವೆ. ತೋಟದಲ್ಲಿ ಎರಡೂ ಒಟ್ಟಿಗೇ ಇರಬಹುದು. ಒಂದೇ ಹೆಸರು ಹೇಳಿ ಮುಗಿಸುವ ಸಿಸ್ಟಂ ಇಲ್ಲಿ ರೈತರಿಗೆ ಅರ್ಧ ಸತ್ಯ ಹೇಳಿದಂತಾಗುತ್ತಿತ್ತು.

ಯಾಕೆ?

ನನಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಬೆಲೆಯುಳ್ಳದ್ದು ಎನಿಸುವ ಭಾಗ ಇದು. ಮೈಸಿನ್ ಪ್ರಶ್ನೆ ಕೇಳಿದಾಗ ವೈದ್ಯರು ಉತ್ತರ ಕೊಡುವ ಬದಲು "ಯಾಕೆ?" ಎಂದು ಟೈಪ್ ಮಾಡಬಹುದಿತ್ತು. ನಮ್ಮ ಅಡಿಕೆ ಸಿಸ್ಟಂನಲ್ಲಿ ಅದು ಹೀಗಿರುತ್ತದೆ:

ಯಂತ್ರ: ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಇದೆಯೇ?
ರೈತ: ಯಾಕೆ?
ಯಂತ್ರ: ಕಾಯಿ ಉದುರಲು ಕೊಳೆರೋಗ ಕಾರಣವೇ ಎಂದು ನೋಡುತ್ತಿದ್ದೇನೆ. ಮಳೆ ಹಿಡಿದು 15 ದಿನ ದಾಟಿದೆ, ಕಾಯಿ ಉದುರುತ್ತಿದೆ ಎಂದು ಗೊತ್ತಾಗಿದೆ. ಅದರಿಂದ 0.4ರಷ್ಟು ಆಧಾರ ಸಿಕ್ಕಿದೆ. ಈ ಕಲೆ ಇದ್ದರೆ ನಿಯಮ 2ರ ಪ್ರಕಾರ ಕೊಳೆರೋಗಕ್ಕೆ ಇನ್ನೂ 0.7ರವರೆಗೆ ಆಧಾರ ಸಿಗುತ್ತದೆ.

ಇದನ್ನು ಬರೆಯುವುದು ಕಷ್ಟವಲ್ಲ. ಯಂತ್ರ ಈಗ ಯಾವ ಗುರಿಗಾಗಿ ಯಾವ ನಿಯಮದೊಳಗೆ ನಿಂತಿದೆ ಎಂಬ ಸರಪಣಿಯನ್ನು ಇಟ್ಟುಕೊಂಡಿದ್ದರೆ ಸಾಕು, ಅದನ್ನೇ ಓದಿ ಹೇಳುವುದು. ತೀರ್ಮಾನ ಬಂದ ಮೇಲೆ "ಹೇಗೆ?" ಎಂದು ಕೇಳಿದರೆ ಓಡಿದ ನಿಯಮಗಳ ಪಟ್ಟಿ ಕೊಡುತ್ತದೆ. ತೋಟದ ಅನುಭವಸ್ಥರು ಅದನ್ನು ಓದಿ "ನಿಯಮ 3 ತಪ್ಪು, ಬಿದ್ದು ನಾಲ್ಕು ದಿನ ಆದ ಕಾಯಿಗೆ ಯಾವ ಬೂಸ್ಟು ಬೇಕಾದರೂ ಹಿಡಿಯುತ್ತದೆ" ಎಂದು ಹೇಳಬಲ್ಲರು. ಅವರಿಗೆ ಕಂಪ್ಯೂಟರ್ ಗೊತ್ತಿರಬೇಕಿಲ್ಲ. ತಿದ್ದುಪಡಿಯೂ ಸುಲಭ: ಷರತ್ತಿಗೆ "ಬಿದ್ದು ಎರಡು ದಿನದೊಳಗೆ" ಎಂದು ಸೇರಿಸಿದರಾಯಿತು.

ಆದರೆ ಈ ವಿವರಣೆಗೂ ಒಂದು ತಳ ಇದೆ, ಅದು ಬೇಗ ಸಿಕ್ಕಿಬಿಡುತ್ತದೆ. ಮೈಸಿನ್ ನಿಯಮಗಳನ್ನು ವಿದ್ಯಾರ್ಥಿಗಳಿಗೆ ಕಲಿಸಲು ಬಳಸಹೊರಟ ವಿಲಿಯಂ ಕ್ಲಾನ್ಸಿ ಇದನ್ನು ಚೆನ್ನಾಗಿ ತೋರಿಸಿದರು. 8 ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಡಬೇಡಿ ಎಂಬ ನಿಯಮ ಇತ್ತು. ಯಾಕೆ ಎಂದು ಕೇಳಿದರೆ ಯಂತ್ರ ಆ ನಿಯಮವನ್ನೇ ಮತ್ತೆ ಓದುತ್ತದೆ. ಆ ಔಷಧ ಬೆಳೆಯುತ್ತಿರುವ ಹಲ್ಲು, ಮೂಳೆಯೊಳಗೆ ಸೇರಿಕೊಂಡು ಹಲ್ಲಿಗೆ ಶಾಶ್ವತವಾಗಿ ಕಲೆ ಕಟ್ಟುತ್ತದೆ ಎನ್ನುವ ಕಾರಣ ನಿಯಮದೊಳಗೆ ಎಲ್ಲೂ ಇಲ್ಲ. ತಜ್ಞರ ತಲೆಯಲ್ಲಿ ಕಾರಣಗಳ ಉದ್ದ ಸರಪಣಿ ಇರುತ್ತದೆ, ನಿಯಮದಲ್ಲಿ ಅದರ ಎರಡು ತುದಿ ಮಾತ್ರ ಉಳಿಯುತ್ತದೆ. ಇದಕ್ಕೆ ಮದ್ದು ಎಂದರೆ, ಪ್ರತಿ ನಿಯಮದ ಪಕ್ಕ ಕಾರಣಕ್ಕೊಂದು ಕಾಲಂ ಇಟ್ಟು ನಿಯಮ ಬರೆದ ದಿನವೇ ತುಂಬುವುದು. ಆಮೇಲೆ ತುಂಬುತ್ತೇವೆ ಎಂದು ಬಿಟ್ಟರೆ ಅದು ಖಾಲಿಯೇ ಉಳಿಯುತ್ತದೆ.

ನಿಯಮ ಹೊರಡಿಸುವ ಕಷ್ಟ

ತರ್ಕಯಂತ್ರವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವಾರಾಂತ್ಯದಲ್ಲಿ ಬರೆಯಬಹುದು. ನಿಯಮಗಳಿಗೆ ತಿಂಗಳುಗಳು ಹಿಡಿಯುತ್ತವೆ. ಬಲ್ಲವರನ್ನು ಎದುರು ಕೂರಿಸಿಕೊಂಡು "ನಿಮ್ಮ ನಿಯಮ ಏನು?" ಎಂದರೆ ಪಠ್ಯಪುಸ್ತಕದ ಮಾತು ಹೇಳುತ್ತಾರೆ, ಇಲ್ಲವೇ "ನೋಡಿದರೆ ಗೊತ್ತಾಗುತ್ತದೆ" ಎನ್ನುತ್ತಾರೆ. ಎರಡೂ ಉಪಯೋಗಕ್ಕೆ ಬರುವುದಿಲ್ಲ. ಪ್ರಕರಣ ಮುಂದಿಡಬೇಕು. ಬಿದ್ದ ಕಾಯಿಗಳನ್ನು ಬುಟ್ಟಿಯಲ್ಲಿ ತಂದಿಟ್ಟು, ಒಂದೊಂದನ್ನೇ ಎತ್ತಿ ಬಾಯಿಬಿಟ್ಟು ಯೋಚಿಸಲು ಹೇಳಬೇಕು. ಅವರು ಮೊದಲು ಎಲ್ಲಿ ನೋಡಿದರು, ಬೆರಳಿನಿಂದ ಎಲ್ಲಿ ಒತ್ತಿದರು, ಮೂಸಿ ನೋಡಿದರೇ, ಎಲ್ಲ ಬರೆದುಕೊಳ್ಳಬೇಕು. ತೀರ್ಮಾನ ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: "ಏನು ಕಂಡಿದ್ದರೆ ನಿಮ್ಮ ಮಾತು ಬದಲಾಗುತ್ತಿತ್ತು?" ನಿಯಮ 5ರಂಥ ವಿರುದ್ಧದ ನಿಯಮಗಳು ಈ ಪ್ರಶ್ನೆಯಿಂದಲೇ ಸಿಗುವುದು. ಅವಿಲ್ಲದ ಸಿಸ್ಟಂ ಕಂಡದ್ದಕ್ಕೆಲ್ಲ ಹೌದು ಎನ್ನುತ್ತದೆ.

ಮಾತಿನ ತೊಡಕೂ ಇದೆ. ಮಲೆನಾಡಿನ ಕೆಲವೆಡೆ ಸಿಂಗಾರ ಎಂದರೆ ಇನ್ನು ಕೆಲವೆಡೆ ಹಿಂಗಾರ, ಕೊನೆ ಎಂದರೆ ಗೊನೆ. ಸಿಸ್ಟಂ ಒಳಗೆ ಒಂದೇ ಪದ ಇಟ್ಟು, ಹೊರಗಿನ ಪದಗಳಿಗೆಲ್ಲ ಒಂದು ಪಟ್ಟಿ ಮಾಡಿಕೊಳ್ಳಬೇಕು. ಪ್ರಶ್ನೆಯ ಧಾಟಿಯೂ ಮುಖ್ಯ. "ಕಾಯಿಯಲ್ಲಿ ಕಲೆ ಇದೆಯೇ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ. "ಇವತ್ತು ಬಿದ್ದ ಹತ್ತು ಕಾಯಿ ಆರಿಸಿ. ತೊಟ್ಟಿನ ಬಳಿ ಒದ್ದೆ ಕಲೆ ಎಷ್ಟರಲ್ಲಿದೆ?" ಎಂದರೆ ಉತ್ತರವೇ ಅಂಕಿಯಾಗಿ ಬರುತ್ತದೆ. ಎಂಟು ಎಂದರೆ 0.8. "ಗೊತ್ತಿಲ್ಲ" ಎಂಬ ಉತ್ತರಕ್ಕೂ ಜಾಗ ಬೇಕು, ಅದನ್ನು "ಇಲ್ಲ" ಎಂದು ಓದಬಾರದು. ಮರ ಹತ್ತಿ ಹಿಂಗಾರ ನೋಡದವರು ಹಿಂಗಾರ ಒಣಗಿಲ್ಲ ಎಂದು ಹೇಳಿದಂತೆ ಆಗಬಾರದಲ್ಲ.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಒಂದೇ ಸಾಕ್ಷಿಯನ್ನು ಹಲವು ಸಲ ಎಣಿಸುವುದರಿಂದ. "ಮಳೆ ಜೋರಾಗಿದೆ", "ಮೋಡ ಕವಿದಿದೆ", "ಗಾಳಿಯಲ್ಲಿ ತೇವ ಇದೆ", "ಬಿಸಿಲು ಬಿದ್ದಿಲ್ಲ", "ಗೊನೆ ಒದ್ದೆಯಾಗಿಯೇ ಇದೆ" ಎಂದು ಐದು ನಿಯಮ ಬರೆದು ಪ್ರತಿಯೊಂದಕ್ಕೂ 0.4 ಕೊಟ್ಟಿರಿ ಎನ್ನಿ. ಮೇಲಿನ ಸೂತ್ರದಲ್ಲಿ ಐದೂ ಸೇರಿ 0.92 ಆಗುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆಯ ಸುತ್ತಿನ ಯಾವ ಮರಕ್ಕೂ, ಒಂದು ಕಾಯಿಯನ್ನೂ ನೋಡದೆ, ಯಂತ್ರ ಕೊಳೆರೋಗ ಎಂದುಬಿಡುತ್ತದೆ. ಆ ಐದೂ ಹೇಳುತ್ತಿರುವುದು ಒಂದೇ ಮಾತು. ಸೂತ್ರ ಮಾತ್ರ ಅವನ್ನು ಐದು ಬೇರೆ ಸಾಕ್ಷಿ ಎಂದು ನಂಬುತ್ತದೆ. ಐದನ್ನೂ "ಕೊಳೆಗೆ ಒಗ್ಗುವ ಹವೆ" ಎಂಬ ಒಂದು ನಡುವಿನ ಸಂಗತಿಯ ಕೆಳಗೆ "ಅಥವಾ" ಎಂದು ಸೇರಿಸಿ, ದೊಡ್ಡ ಅಂಕಿಯನ್ನಷ್ಟೇ ಮೇಲಕ್ಕೆ ಕಳಿಸಬೇಕು.

ಇದರ ಉಲ್ಟಾ ತಪ್ಪು ಉದ್ದ ಸರಪಣಿ. ಒಂದು ನಿಯಮದ ಫಲ ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ ಎಂದು 0.7ರ ಮೂರು ಕೊಂಡಿ ಸೇರಿದರೆ ಕೊನೆಗೆ ಉಳಿಯುವುದು 0.343. ನಡುವಿನ ಹಂತ ಎರಡು ದಾಟದಂತೆ ನೋಡಿಕೊಂಡರೆ ಒಳ್ಳೆಯದು.

0.65 ಕೊಡಬೇಕೋ 0.7 ಕೊಡಬೇಕೋ ಎಂದು ತಲೆಕೆಡಿಸಿಕೊಂಡು ದಿನ ಕಳೆಯಬೇಡಿ. ಮೈಸಿನ್‌ನ ಅಂಕಿಗಳನ್ನು ಒರಟಾಗಿ ದುಂಡು ಮಾಡಿ ಓಡಿಸಿ ನೋಡಿದಾಗಲೂ ಚಿಕಿತ್ಸೆಯ ಸಲಹೆ ಹೆಚ್ಚು ಬದಲಾಗಲಿಲ್ಲ. ದುರ್ಬಲ, ಸಾಧಾರಣ, ಬಲವಾದ, ಬಹುತೇಕ ಖಚಿತ ಎಂದು ನಾಲ್ಕು ಮಟ್ಟ ಸಾಕು. ಆ ಹೊತ್ತನ್ನು ಬಿಟ್ಟುಹೋದ ನಿಯಮ ಹುಡುಕಲು ಬಳಸಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ನಮ್ಮ ಸಿಸ್ಟಂಗೆ ನಾಲ್ಕು ಕಾರಣ ಮಾತ್ರ ಗೊತ್ತು. ಐದನೆಯದು ಎದುರು ಬಂದರೆ ಅದಕ್ಕೆ ಹತ್ತಿರದ ಹೆಸರು ಹೇಳುತ್ತದೆ. ಎಲ್ಲ ಅಂಕಿಗಳೂ 0.4ರ ಕೆಳಗಿದ್ದರೆ "ನನಗೆ ತಿಳಿದ ಯಾವ ಕಾರಣವೂ ಹೊಂದುತ್ತಿಲ್ಲ, ತಜ್ಞರಿಗೆ ತೋರಿಸಿ" ಎಂದು ಹೇಳಿ ನಿಲ್ಲುವಂತೆ ಮಾಡಬೇಕು. ಹೀಗೆ ನಿಲ್ಲಲು ಬಾರದ ಸಿಸ್ಟಂ ಅನ್ನು ರೈತರ ಕೈಗೆ ಕೊಡಬಾರದು.

ರೋಗನಿದಾನದ ಆಚೆ

ಕೊಳೆರೋಗ ಎಂದು ಹೇಳಿ ಸುಮ್ಮನಾದರೆ ಪ್ರಯೋಜನ ಅಷ್ಟಕ್ಕಷ್ಟೆ. ತಿಳಿವಳಿಕೆಯ ಸಾಂದ್ರತೆ ಇರುವುದು ಮುಂದಿನ ಪ್ರಶ್ನೆಯಲ್ಲಿ: "ಬೋರ್ಡೋ ಹೊಡೆದಿದ್ದೆವಲ್ಲ, ಆದರೂ ಯಾಕೆ ಬಂತು?" ಬೋರ್ಡೋ ಎಂದರೆ ಕೊಳೆರೋಗ ತಡೆಯಲು ಸಿಂಪಡಿಸುವ ದ್ರಾವಣ. ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಕೆಡುವುದು ಮಾಡುವ ಕ್ರಮದಲ್ಲಿ. ಎರಡನ್ನೂ ತಲಾ 50 ಲೀಟರ್‌ನಲ್ಲಿ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಬಳಸಿದರೆ ತಾಮ್ರ ಅದಕ್ಕೇ ಹಿಡಿಯುತ್ತದೆ, ಪ್ಲಾಸ್ಟಿಕ್ ಡ್ರಮ್ ಬೇಕು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಬಣ್ಣ ಕಟ್ಟಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಮಾಡಿದ ದಿನವೇ ಬಳಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಕ್ಕೆ.

ಈ ಒಂದೊಂದು ವಾಕ್ಯವೂ ಒಂದೊಂದು ನಿಯಮ. ಅಲಗು ಕೆಂಪಾಗಿತ್ತಾದರೆ, ಸುಣ್ಣ ಕಡಿಮೆ. ಹಿಂದಿನ ದಿನದ ದ್ರಾವಣವಾಗಿದ್ದರೆ, ಶಕ್ತಿ ಕುಂದಿದೆ. ಎರಡನೇ ಸಿಂಪಡಣೆ ಮೊದಲನೆಯದರ ನಂತರ 60 ದಿನಕ್ಕೆ ಆಗಿದ್ದರೆ, ನಡುವೆ ರಕ್ಷಣೆ ತಪ್ಪಿದೆ. ಇಲ್ಲಿ ಸಂಗತಿಗಳನ್ನು ಮೊದಲೇ ಕೇಳಿಕೊಂಡು ಮುಮ್ಮುಖವಾಗಿ ಓಡಿಸುವುದು ಸಲೀಸು. ನನ್ನನ್ನು ಕೇಳಿದರೆ, ರೋಗದ ಹೆಸರು ಹೇಳುವ ಸಿಸ್ಟಂಗಿಂತ ಸಿಂಪಡಣೆ ಯಾಕೆ ಸೋತಿತು ಎಂದು ಹೇಳುವ ಸಿಸ್ಟಂ ಹೆಚ್ಚು ಕಾಯಿ ಉಳಿಸುತ್ತದೆ.

ಪರೀಕ್ಷೆ, ಬಳಕೆ, ಸವೆತ

ಮೈಸಿನ್ ಅನ್ನು ಪರೀಕ್ಷಿಸಿದ ರೀತಿ ಇವತ್ತಿಗೂ ಮಾದರಿ. ಮೆದುಳುಪೊರೆ ಉರಿಯೂತದ 10 ಪ್ರಕರಣಗಳಿಗೆ ಮೈಸಿನ್ ಕೊಟ್ಟ ಸಲಹೆ ಮತ್ತು ಸ್ಟ್ಯಾನ್‌ಫರ್ಡ್‌ನ ವೈದ್ಯರು ಕೊಟ್ಟ ಸಲಹೆಗಳನ್ನು ಬೆರೆಸಿ, ಯಾವುದು ಯಾರದ್ದು ಎಂದು ಹೇಳದೆ, ಹೊರಗಿನ 8 ತಜ್ಞರಿಗೆ ಕೊಟ್ಟರು. 1979ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೈಸಿನ್ ಸಲಹೆಗಳಿಗೆ ಶೇಕಡಾ 65 ಒಪ್ಪಿಗೆ ಸಿಕ್ಕಿತು. ಅಲ್ಲಿನ ಅಧ್ಯಾಪಕ ವೈದ್ಯರಿಗೆ ಸಿಕ್ಕಿದ್ದು ಶೇಕಡಾ 42.5ರಿಂದ 62.5. ಹೀಗಿದ್ದರೂ ಅದು ಆಸ್ಪತ್ರೆಯ ನಿತ್ಯದ ಬಳಕೆಗೆ ಬರಲಿಲ್ಲ. ಒಂದು ಸಮಾಲೋಚನೆಗೆ ಅರ್ಧ ಗಂಟೆ ಕೂತು ಟೈಪ್ ಮಾಡಬೇಕಿತ್ತು. ರೋಗಿಯ ವಿವರಗಳು ತಾವಾಗಿ ಅದರೊಳಗೆ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಓಡಾಡುವ ವೈದ್ಯರಿಗೆ ಅಷ್ಟು ಪುರುಸೊತ್ತು ಎಲ್ಲಿ?

ನಿತ್ಯ ಬಳಕೆಗೆ ಬಂದದ್ದರಲ್ಲಿ ಹೆಸರಾದದ್ದು ಎಕ್ಸ್‌ಕಾನ್. ಕಾರ್ನೆಗಿ ಮೆಲನ್‌ನ ಜಾನ್ ಮೆಕ್‌ಡರ್ಮಟ್ 1978ರಲ್ಲಿ ಅದನ್ನು ಶುರು ಮಾಡಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿ 1980ರಿಂದ ಅದನ್ನು ತನ್ನ ವ್ಯಾಕ್ಸ್ ಕಂಪ್ಯೂಟರ್‌ಗಳ ಬಿಡಿಭಾಗ ಹೊಂದಿಸಲು ಬಳಸಿತು. ನೂರಾರು ನಿಯಮಗಳಿಂದ ಹೊರಟದ್ದು ಮುಂದೆ 10,000 ದಾಟಿತು. ಕಂಪನಿ ಹೊಸ ಭಾಗ ತಂದಾಗಲೆಲ್ಲ ನಿಯಮ ಬದಲಾಗಬೇಕು, ಒಂದನ್ನು ತಿದ್ದಿದರೆ ಇನ್ನೆಲ್ಲೋ ಒಂದು ಮುರಿಯಿತು. ಅದನ್ನು ಸಾಕಲಿಕ್ಕೇ ಒಂದು ತಂಡ ಬೇಕಾಯಿತು. 1980ರ ದಶಕದ ಕೊನೆಗೆ ಎಕ್ಸ್‌ಪರ್ಟ್ ಸಿಸ್ಟಂಗಳ ಭರಾಟೆ ಇಳಿದದ್ದಕ್ಕೆ ಈ ಸಾಕುವ ಖರ್ಚು ದೊಡ್ಡ ಕಾರಣ. ನಮ್ಮಲ್ಲೂ ಅದೇ ದಶಕದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಜ್ಞಾನಾಧಾರಿತ ಕಂಪ್ಯೂಟರ್ ಸಿಸ್ಟಂಗಳ ಯೋಜನೆ ನಡೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದಾಗಿತ್ತು.

ಈಗಿನ ಚಾಟ್‌ಬಾಟ್‌ಗಳ ಒಳಗಿರುವ ಭಾಷಾ ಮಾದರಿಗಳು ನಿಯಮ ಬರೆಸಿಕೊಳ್ಳುವುದಿಲ್ಲ, ರಾಶಿ ಪಠ್ಯದಿಂದ ಕಲಿಯುತ್ತವೆ. ಮಾತು ಅರ್ಥ ಮಾಡಿಕೊಳ್ಳುವುದರಲ್ಲಿ ಹಳೆಯ ಸಿಸ್ಟಂ ಅವುಗಳ ಹತ್ತಿರವೂ ಸುಳಿಯದು. ಆದರೆ ಇಂಥ ಮಾದರಿ ಕೊಡುವ ಕಾರಣ, ಅದು ನಿಜವಾಗಿ ಆ ತೀರ್ಮಾನಕ್ಕೆ ಬಂದ ದಾರಿಯೇ ಎಂದು ಖಾತ್ರಿ ಇಲ್ಲ. ಎರಡನ್ನೂ ಜೋಡಿಸಬಹುದು. "ತೊಟ್ಟಿನ ಹತ್ರ ಕಪ್ಪಗಾಗಿ ನೀರ್‌ನೀರಾಗಿದೆ" ಎಂಬ ಮಾತನ್ನು ಭಾಷಾ ಮಾದರಿ "ಒದ್ದೆ ಕಲೆ, 0.8" ಎಂಬ ಸಂಗತಿಯಾಗಿ ಬದಲಿಸಲಿ, ತೀರ್ಮಾನ ನಿಯಮಗಳು ಮಾಡಲಿ. ನಡುವೆ ಒಂದು ಹೆಜ್ಜೆ ಬಿಡಬಾರದು: ಬದಲಿಸಿದ ಸಂಗತಿಯನ್ನು ಬಳಕೆದಾರರಿಗೆ ಓದಿ ಹೇಳಿ, ಹೌದು ಎನ್ನಿಸಿಕೊಂಡೇ ಮುಂದೆ ಹೋಗಬೇಕು.

ಕಟ್ಟಲು ಕೂರುವವರು ಕೋಡ್ ಬದಲು ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಾಲಂಗಳು: ನಿಯಮದ ಸಂಖ್ಯೆ, ಷರತ್ತು, ತೀರ್ಮಾನ, ಅಂಕಿ, ಕಾರಣ, ಹೇಳಿದವರು, ತಾರೀಖು. ಮೊದಲು ಇಪ್ಪತ್ತು ನಿಯಮ ದಾಟಬೇಡಿ. ಬೇರೆ ಹಾಳೆಯಲ್ಲಿ ಮೂವತ್ತು ಹಳೆಯ ಪ್ರಕರಣಗಳನ್ನು ಬಲ್ಲವರ ತೀರ್ಮಾನದ ಸಮೇತ ಬರೆದಿಡಿ. ನಿಯಮ ಬರೆಯುವಾಗ ಅವನ್ನು ನೋಡಬಾರದು. ಒಂದು ನಿಯಮ ತಿದ್ದಿದರೂ ಮೂವತ್ತನ್ನೂ ಮತ್ತೆ ಓಡಿಸಬೇಕು, ಹಿಂದೆ ಸರಿಯಿದ್ದದ್ದು ಈಗ ತಪ್ಪಾಗಿದೆಯೇ ಎಂದು ನೋಡಬೇಕು. ಪ್ರತಿ ಮಳೆಗಾಲ ಮುಗಿದ ಮೇಲೆ ಆ ವರ್ಷ ಸಿಸ್ಟಂ ಎಡವಿದ ಪ್ರಕರಣಗಳನ್ನು ಆ ಹಾಳೆಗೆ ಸೇರಿಸಿ. ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕೆ ರೋಗ ಹಬ್ಬಿದೆ. ಅದಕ್ಕೂ ಹಿಂದೆ ಬರೆದ ನಿಯಮಗಳ ಹಾಳೆಯಲ್ಲಿ ಅದರ ಸಾಲು ಇದೆಯೇ ಎಂದು ಮೊದಲು ಹುಡುಕಿ ನೋಡಿ.